ಕಲ್ಲುಬಾಗಿಲಿಗೆ ಮರದ ಬಿಟ್ಟು

ನಡೆದದ್ದನ್ನು ನಡೆದ ಹಾಗೇ ಹೇಳುವುದಾದರೆ, ಈರಕ್ಕ ಮೊಂಡಾದ ಡ್ರಿಲ್ ಬಿಟ್ಟನ್ನು ಚಿತ್ರಲಿಂಗಪ್ಪನ ಹಾರ್ಡ್‌ವೇರ್ ಅಂಗಡಿಯ ಮೇಜಿನ ಮೇಲೆ ಟಣ್ಣೆಂದು ಕುಕ್ಕಿದಾಗ ಆತ ತಲೆ ಕೂಡ ಎತ್ತಲಿಲ್ಲ.

“ಕಲ್ಲು ಕೊರೆಯಾಕೆ ಬೇಕು ಅಂದಿದ್ದೆ, ಮರದ್ದು ಕೊಟ್ಟೀರಿ.”

“ಬಾಗಿಲಿಗೆ ಅಂದ್ಯಲ್ಲಮ್ಮ? ಬಾಗಿಲಂದ್ರೆ ಮರ. ಬಿಟ್ಟಿಂದೇನು ತಪ್ಪಿಲ್ಲ, ಮಿಷನ್ ಹಿಡಿಯಾಕೆ ಬರಬೇಕಲ್ಲ!”

“ನಮ್ಮ ಬಾಗಿಲ ಚೌಕಟ್ಟು ಕಲ್ಲಿಂದು ಐತ್ರಿ. ತುದಿ ಅಗಲ ಇರೋ ಬಿಟ್ಟು ಬೇಕು. ಅಗೋ, ಆ ಎರಡನೇ ಡಬ್ಬೀಲೇ ಐತೆ.”

“ಯಜಮಾನ್ರನ್ನ ಕಳಿಸು, ಅವರಿಗೆ ಹೇಳ್ತೀನಿ,” ಎಂದು ಚಿತ್ರಲಿಂಗಪ್ಪ ಮುಂದಿನ ಗಿರಾಕಿಯ ಕಡೆ ತಿರುಗಿದ.

ಈರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಚಿತ್ರದುರ್ಗದ ಕೋಟೆ ಬುಡದ ಮನೆ, ಕೋತಿಗಳ ಕಾಟ. ಹಿಂದಿನ ದಿನವಷ್ಟೇ ಒಂದು ಗಡವ ಒಳಗೆ ನುಗ್ಗಿ, ಅತ್ತೆ ಬರಗೇರಮ್ಮನ ಕೈ ಪರಚಿ, ರೊಟ್ಟಿ ಕಿತ್ತುಕೊಂಡು ಹೋಗಿತ್ತು. ಇನ್ನು ಜಾಲರಿ ಬಾಗಿಲು ಕೂರಿಸದೆ ವಿಧಿಯಿಲ್ಲ. ಜಾಲರಿಯ ಕಬ್ಬಿಣಕ್ಕೆ ಎಣ್ಣೆ ಹನಿಸುತ್ತ, ಕಬ್ಬಿಣ ಕೊರೆಯುವ ಬಿಟ್ಟಿನಲ್ಲಿ ನಿಧಾನವಾಗಿ ತೂತು ಹಾಕಿದವಳು ಅವಳೇ. ಅಡುಗೆಮನೆಯ ಹಲಗೆಗೆ, ನಡುವೆ ಮೊಳೆಯಂತೆ ಚೂಪಿರುವ ಮರದ ಬಿಟ್ಟು ಹಾಕಿದವಳೂ ಅವಳೇ. ಗಂಡ ಗೋವಿಂದಪ್ಪನೋ, ಡ್ರಿಲ್ ಸದ್ದು ಕೇಳಿದರೇ ಹಿತ್ತಲು ಸೇರುವ ಆಸಾಮಿ. ಅವನನ್ನು ಕಳಿಸಬೇಕಂತೆ!

ಮನೆಗೆ ಬಂದವಳೇ ಫೋನೆತ್ತಿದಳು. ಎರಡು ಸಲ ಕೆಮ್ಮಿ, ನಶ್ಯ ತುಂಬಿದ ಮೂಗಿನ ಗಂಡನ ದನಿಯನ್ನು ಇದ್ದ ಹಾಗೇ ಇಳಿಸಿದಳು. “ಚಿತ್ರಲಿಂಗಪ್ಪಾರಾ? ನಾನು ಗೋವಿಂದಪ್ಪ. ನಮ್ಮಾಕೆಗೆ ಏನೂ ತಿಳಿಯಾಕಿಲ್ರಿ. ಬಾಗಿಲಿಗೆ ತೂತು ಹಾಕಬೇಕು, ನೀವೇ ಬಂದು ತೋರಿಸ್ರಿ.”

“ಅಯ್ಯೋ, ಅದಕ್ಕೇನಂತೆ! ಬಂದೆ ಅನ್ರಿ!”

ಹತ್ತೇ ನಿಮಿಷಕ್ಕೆ ಆತ ಮನೆಮುಂದೆ ಹಾಜರು. ಕೈಲಿ ಹೊಸ ಬಿಟ್ಟು. ಅದೂ ಮರದ್ದೇ. ಕಳೆದ ದೀಪಾವಳಿಗೆ ಪೇಂಟರ್ ಕೆಂಚಣ್ಣ ಆ ಕಲ್ಲಿನ ಚೌಕಟ್ಟಿಗೆ ತೇಗದ ಬಣ್ಣ ಬಳಿದು, ಎಳೆ ಎಳೆದು, ಅಲ್ಲಲ್ಲಿ ಮರದ ಗಂಟನ್ನೂ ಬರೆದಿದ್ದ. ಚಿತ್ರಲಿಂಗಪ್ಪ ದೂರದಿಂದಲೇ ಬೆರಳು ತೋರಿಸಿದ. “ನೋಡಮ್ಮ, ಒಳ್ಳೇ ತೇಗ! ಇದನ್ನ ಕಲ್ಲು ಅಂತೀಯಲ್ಲ, ಏನು ಹೇಳಾಣ ನಿನಗೆ?”

“ನೀವು ಹೇಳಿದ್ಮೇಲೆ ತೇಗಾನೇ ಬಿಡ್ರಿ,” ಎಂದು ಈರಕ್ಕ ವಿನಯದಿಂದ ಡ್ರಿಲ್ ಕೈಗಿತ್ತಳು. ಅಕ್ಕಪಕ್ಕದ ಹೆಂಗಸರು ಜಗಲಿಗೆ ಬಂದು ನಿಂತರು.

“ಹಿಂಗೆ, ನೆಟ್ಟಗೆ ಹಿಡಿದು ಒತ್ತಬೇಕು,” ಎಂದು ಆತ ಗುಂಡಿ ಅದುಮಿದ. ಕೀರ್ ಎಂದು ಕಿವಿ ಹರಿಯುವ ಸದ್ದು. ಇನ್ನೂ ಒತ್ತಿದ. ಹೊಗೆ ಎದ್ದಿತು, ಬಿಟ್ಟಿನ ತುದಿ ಸುಟ್ಟು ನೀಲಿಯಾಯಿತು, ಬಣ್ಣ ಹಕ್ಕಳೆಯಾಗಿ ಉದುರಿ ಬೂದುಗಲ್ಲು ಇಣುಕಿತು.

“ಈ ತೇಗ ಬಲು ಗಟ್ಟಿ ಐತ್ರೀ!” ಎಂದಳು ಪಕ್ಕದ ಮನೆ ಸಿದ್ದಕ್ಕ.

ಬೀದಿಯೇ ಗೊಳ್ಳೆಂದಿತು. ಚಿತ್ರಲಿಂಗಪ್ಪ ಒಂದು ಗಳಿಗೆ ಕಲ್ಲನ್ನೇ ದಿಟ್ಟಿಸಿದ. ಆಮೇಲೆ ಡ್ರಿಲ್ಲನ್ನು ಈರಕ್ಕನ ಕೈಗೆ ತುರುಕಿ, ಹೊಟ್ಟೆ ಹಿಡಿದು, ಎಲ್ಲರಿಗಿಂತ ಜೋರಾಗಿ ನಕ್ಕ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಈರಕ್ಕನ ಸಿಟ್ಟು ಕೂಡ ಅರ್ಧ ಇಳಿಯಿತು. ಇನ್ನೇನು, ತಪ್ಪು ಒಪ್ಪಿಕೊಂಡೇ ಬಿಡುತ್ತಾನೆ ಎಂದುಕೊಂಡಳು.

ಗದ್ದಲ ಕೇಳಿ ಗೋವಿಂದಪ್ಪ ಹಿತ್ತಲಿನಿಂದ ಕಣ್ಣು ಪಿಳಿಪಿಳಿ ಬಿಡುತ್ತ ಬಂದ. ಚಿತ್ರಲಿಂಗಪ್ಪ ನಗುತ್ತಲೇ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟ.

“ಏನ್ ಗೋವಿಂದಪ್ಪಾರೆ, ಇದು ಕಲ್ಲು ಅಂತ ಮೊದ್ಲೇ ಒಂದ್ ಮಾತು ಹೇಳಬಾರ್ದಿತ್ತೇನ್ರೀ?”

ಈರಕ್ಕನ ಕೈಲಿದ್ದ ಡ್ರಿಲ್ಲು ಗುರ್ರೆಂದಿತು.