ಉತ್ತರದ ಚಿಕ್ಕಮ್ಮ

ಆ ಮುದುಕಿ ಅಳಲಿಲ್ಲ. ಯುನ್‌ಹೀಗೆ ಮೊದಲು ಅನುಮಾನ ಬಂದದ್ದು ಅದರಿಂದಲೇ.

ಸಭಾಂಗಣದ ತುಂಬ ಅಳು. ಯುದ್ಧದಲ್ಲಿ ಬೇರೆಯಾದವರು, ಈಗ ಹಣ್ಣಾದವರು, ಒಬ್ಬರ ಮುಖವನ್ನೊಬ್ಬರು ಸವರಿ ನೋಡುತ್ತಿದ್ದರು. ವಸಂತದಲ್ಲಿ ಎರಡು ಕೊರಿಯಾಗಳ ನಾಯಕರು ಗಡಿಯಲ್ಲಿ ಕೈಕುಲುಕಿದ್ದರು. ಬೇಸಿಗೆಗೆ ಉತ್ತರದ ಕುಮ್‌ಗಾಂಗ್ ಬೆಟ್ಟದ ಬುಡದಲ್ಲಿ ಈ ಭೇಟಿ ಏರ್ಪಟ್ಟಿತ್ತು. ಯುನ್‌ಹೀಯ ಅಪ್ಪ ದುಶಿಕ್ ಕೂಡ ಅಳಲಿಲ್ಲ. ಎಂಬತ್ತೆಂಟರ ಆ ಮನುಷ್ಯ ಬಸ್ಸಿಗೆ ಕಾಯುವವನಂತೆ ಕೂತಿದ್ದ.

ಎದುರಿಗೆ ಇಬ್ಬರು. ಒಬ್ಬಳು ಒಕ್ರಾನ್. ಅಪ್ಪ ಉತ್ತರದಲ್ಲಿ ಬಿಟ್ಟುಬಂದ ಮೊದಲ ಹೆಂಡತಿಯ ಕೂಸು. ಈಗ ಎಪ್ಪತ್ತರ ಹತ್ತಿರ. ಹಣೆ, ಮೂಗು ಥೇಟ್ ಅಪ್ಪನದೇ. ಅವಳ ಮೇಲೆ ಅನುಮಾನವಿಲ್ಲ. ಇನ್ನೊಬ್ಬಳು, ಒಕ್ರಾನಳ ತಾಯಿಯ ತಂಗಿ ಎಂದು ಹೇಳಿಕೊಂಡ ಈ ಮುದುಕಿ. ಏನು ಕೇಳಿದರೂ ಒಕ್ರಾನ್ ಮೊದಲು ಅವಳ ಮುಖ ನೋಡುತ್ತಿದ್ದಳು. ಜವಾಬು ಮುದುಕಿಯಿಂದ ಬರುತ್ತಿತ್ತು.

ಹೊರಡುವಾಗಲೇ ದಕ್ಷಿಣದ ಸೋಲ್‌ನಲ್ಲಿ ಪಕ್ಕದ ಮನೆಯವಳು ಎಚ್ಚರಿಸಿದ್ದಳು: “ಉತ್ತರದ ಸರ್ಕಾರದವರು ನೆಂಟರ ಜೊತೆ ಕಾವಲಿಗೂ ಒಬ್ಬರನ್ನ ಕೂರಿಸ್ತಾರಂತೆ. ನಾಲಿಗೆ ಬಿಗಿ ಹಿಡ್ಕೊಳೇ.”

“ಅಕ್ಕ ತೀರಿಕೊಂಡಳು ಭಾವ,” ಎಂದಳು ಮುದುಕಿ. “ನೀವು ಹೋದ ಚಳಿಗಾಲದಲ್ಲೇ.”

“ತುಂಬಾ ಕಷ್ಟಪಟ್ಟಳಾ?”

“ಮೊದಮೊದಲು ಬಾಗಿಲಲ್ಲೇ ಕೂತಿರ್ತಿದ್ಲು. ವರ್ಷ ಕಳೀತಾ ಕಳೀತಾ ರೂಢಿಯಾಯ್ತು.”

ಆ ಚಳಿಗಾಲದಲ್ಲೇ ಸತ್ತವಳಿಗೆ ವರ್ಷಗಳೆಲ್ಲಿಂದ ಬಂದವು? ಸುಳ್ಳನ್ನೂ ನೆಟ್ಟಗೆ ಕಲಿಸಿಲ್ಲ ಎಂದುಕೊಂಡಳು ಯುನ್‌ಹೀ. ಅಪ್ಪ ಮಾತ್ರ ತಲೆಯಾಡಿಸಿದ.

“ಕೊನೇಲಿ ಏನಾದ್ರೂ ಹೇಳಿದ್ಲಾ?”

“ಅವರು ಉಂಡರೋ ಇಲ್ವೋ ಅಂದ್ಲು.” ದನಿಯಲ್ಲಿ ಏರಿಳಿತವಿರಲಿಲ್ಲ. “ಸತ್ತದ್ದೇ ಒಳ್ಳೇದಾಯ್ತು ಬಿಡಿ. ನಿಮಗೂ ಅಲ್ಲೊಂದು ಸಂಸಾರ ಆಯ್ತು.”

ಆಮೇಲೆ ಯುನ್‌ಹೀ ಕಡೆ ತಿರುಗಿದಳು. “ನಿಮ್ಮಮ್ಮ ಹೇಗಿದಾರೆ? ಯಾಕೆ ಬರಲಿಲ್ಲ?”

“ಮಂಡಿ ನೋವು.”

“ಒಳ್ಳೆಯವರಾ?”

ಇದೆಂಥ ವಿಚಾರಣೆ! “ಹೂಂ” ಎಂದಷ್ಟೇ ಹೇಳಿ ಯುನ್‌ಹೀ ಬಾಯಿ ಮುಚ್ಚಿಕೊಂಡಳು.

ತಣ್ಣನೆಯ ಸಾರಿನಲ್ಲಿ ತೇಲುವ ಶಾವಿಗೆ ಬಂತು. ಮುದುಕಿ ಯಾರನ್ನೂ ಕೇಳದೆ ದುಶಿಕ್‌ನ ಬಟ್ಟಲಿನಿಂದ ಸೌತೆಕಾಯಿ ಚೂರುಗಳನ್ನೆಲ್ಲ ಆರಿಸಿ ತನ್ನ ಬಟ್ಟಲಿಗೆ ಹಾಕಿಕೊಂಡಳು. ಅಪ್ಪನಿಗೆ ಸೌತೆಕಾಯಿ ಆಗದು, ನಿಜ. ಇದನ್ನೂ ತಿಳಿದುಕೊಂಡು ಕಳಿಸಿದ್ದಾರೆ!

ಅಪ್ಪ ತಲೆಯೆತ್ತದೆ ಉಂಡ. ಬಟ್ಟಲು ಖಾಲಿಯಾಗುವವರೆಗೂ ಉಂಡ. ಮನೆಯಲ್ಲಿ ಅವನು ಅಷ್ಟು ಉಂಡದ್ದನ್ನು ಯುನ್‌ಹೀ ಈಚೆಗೆ ನೋಡಿರಲಿಲ್ಲ.

ಬೀಳ್ಕೊಡುವ ದಿನ ಒಕ್ರಾನ್ ಅಪ್ಪನ ತೋಳಿಗೆ ಜೋತುಬಿದ್ದು ಅತ್ತಳು. ಮುದುಕಿ ಒಂದು ಹೆಜ್ಜೆ ದೂರ ನಿಂತಿದ್ದಳು.

“ಹೋಗಿ ಬರ್ತೀನಿ,” ಎಂದ ದುಶಿಕ್, ಅವಳಿಗೆ.

“ಹಾಗನ್ನಬೇಡಿ ಭಾವ. ಹೋಗ್ತೀನಿ ಅನ್ನಿ.”

“ಹೋಗ್ತೀನಿ.”

ಬಸ್ಸು ಹೊರಟಿತು. ಒಕ್ರಾನ್ ಕಿಟಕಿಯ ಜೊತೆಗೇ ಓಡಿದಳು. ಮುದುಕಿ ಕೈ ಕೂಡ ಬೀಸಲಿಲ್ಲ. ದುಶಿಕ್ ಎದುರು ಸೀಟಿನ ಬೆನ್ನು ನೋಡುತ್ತ ಕೂತ. ಗಡಿಯ ಮುಳ್ಳುತಂತಿ ಹಿಂದೆ ಸರಿಯುವವರೆಗೂ ಯುನ್‌ಹೀ ತಡೆದುಕೊಂಡಳು.

“ಅಪ್ಪಾ, ಆ ಹೆಂಗಸು ಚಿಕ್ಕಮ್ಮ ಅಲ್ಲ, ಅಲ್ವಾ?”

“ಅಲ್ಲ. ಒಕ್ರಾನಳ ಅಮ್ಮನಿಗೆ ತಂಗೀರೇ ಇರಲಿಲ್ಲ.”

“ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ ಸುಮ್ಮನೆ ಕೂತು ಉಂಡ್ರಾ, ಆ ಕಾವಲಿನವಳ ಎದುರಿಗೆ?”

“ಕಾವಲಿನವಳಲ್ಲ ಕಣಮ್ಮಾ,” ಎಂದ ದುಶಿಕ್. “ಅವಳೇ ಒಕ್ರಾನಳ ಅಮ್ಮ.”