ಮಾತು ಎತ್ತಿಕೊಡುವವನು

ಆ ಸಂಜೆ ಪ್ರಾಂಪ್ಟರ್ ಬೇಕೆಂದೇ ಬಾಯಿ ಮುಚ್ಚಿಕೊಂಡ.

ಪರದೆಯ ಮರೆಯಲ್ಲಿ, ಕಾಲು ಕುಂಟುವ ಸ್ಟೂಲಿನ ಮೇಲೆ ಕಾದು ಕುಳಿತ. ವೇದಿಕೆಯಲ್ಲಿ ಸೇನಾಪತಿಯ ಪಾತ್ರದ ಹಿರಿಯ ನಟರು ಅರ್ಧ ಮಾತಿಗೇ ನಿಂತಿದ್ದರು. ಎರಡು ವರ್ಷದಿಂದ ಅವರ ಮಾತಿನ ನಡುವೆ ಇಂಥ ಮೌನಗಳು ಹೆಚ್ಚಾಗಿದ್ದವು. ಮರೆವು, ಬೇರೇನು? ಪ್ರತಿ ಸಲವೂ ಮುಂದಿನ ಮಾತನ್ನು ಪಿಸುಗುಟ್ಟಿ ಮಾನ ಉಳಿಸಿದವನು ತಾನು. ಇವತ್ತು ಉಳಿಸುವುದಿಲ್ಲ.

ಮೌನ ಬೆಳೆಯಿತು. ಯಾರೋ ಕೆಮ್ಮಿದರು. ಆಮೇಲೆ ಹಿರಿಯ ನಟರು ತಲೆ ಎತ್ತಿ, ಒಂದಕ್ಷರ ತಪ್ಪದೆ ಮಾತು ಮುಂದುವರಿಸಿದರು. ಸಭೆ ಚಪ್ಪಾಳೆ ತಟ್ಟಿತು.

ಅದೃಷ್ಟ, ಎಂದುಕೊಂಡ ಪ್ರಾಂಪ್ಟರ್.

ನಾಟಕ ಹಳೆಯದು. ರಾಜ ಒಡಹುಟ್ಟಿದವನಂತೆ ಸಾಕಿದ ಸೇನಾಪತಿಗೆ ಸಿಂಹಾಸನದ ಆಸೆ ಹುಟ್ಟುತ್ತದೆ. ಮೊದಲು, ಹೇಳಬೇಕಾದ ಒಂದು ಮಾತನ್ನು ನುಂಗಿಕೊಳ್ಳುತ್ತಾನೆ. ಆಮೇಲೆ ಒಂದು ಸುಳ್ಳು ಹೇಳುತ್ತಾನೆ. ಕೊನೆಗೆ, ನಂಬಿ ಕಣ್ಣು ಮುಚ್ಚಿದ ರಾಜನ ತಲೆದೆಸೆಗೆ ಹೋಗಿ ನಿಲ್ಲುತ್ತಾನೆ. ಅಷ್ಟು ಒಳ್ಳೆಯವನಿಗೆ ತಾನು ಕೆಳಗಿಳಿಯುತ್ತಿರುವುದು ತಿಳಿಯುವುದೇ ಇಲ್ಲವಲ್ಲ ಎಂದು ಪ್ರಾಂಪ್ಟರ್ ಎಷ್ಟೋ ಸಲ ಸೋಜಿಗಪಟ್ಟಿದ್ದ. ಇಡೀ ಪಾತ್ರ ಅವನಿಗೆ ಬಾಯಿಪಾಠ. ಮುದುಕರು ಒಂದು ದಿನ ವೇದಿಕೆಯ ಮೇಲೆ ತಡವರಿಸಲಿ, ಪಾತ್ರ ನಿನ್ನದೇ ಎಂದು ಕಂಪನಿಯ ಮಾಲೀಕ ಅವನಿಗೆ ಮಾತು ಕೊಟ್ಟಿದ್ದ.

ಇತ್ತೀಚೆಗೆ ಹಿರಿಯ ನಟರ ಗತ್ತೂ ಹೆಚ್ಚಾಗಿತ್ತು. ಹಿಂದಿನಿಂದ ಕೂಗಿದರೆ ತಿರುಗಿ ನೋಡುವವರಲ್ಲ. ಸೇನಾಪತಿಗೆ ಹೊಲಿಸಿದ ಬೂಟನ್ನು ಮೂಲೆಗೆ ಎಸೆದು ಬರಿಗಾಲಲ್ಲೇ ಆಡತೊಡಗಿದ್ದರು. ನಗಾರಿಯ ಪೆಟ್ಟು ಅಂಗಾಲಿಗೆ ತಾಗಿದರೇ ಹೆಜ್ಜೆ ಬರುವುದಂತೆ. ರಾಣಿಯ ಪಾತ್ರದಾಕೆ ಒಮ್ಮೆ ಬೆನ್ನು ತಿರುಗಿಸಿ ಮಾತಾಡಿದ್ದಕ್ಕೆ ತಾಲೀಮನ್ನೇ ನಿಲ್ಲಿಸಿ, ಮುಖಕ್ಕೆ ಮುಖ ಕೊಟ್ಟು ಮಾತಾಡಮ್ಮ ಎಂದು ಗದರಿದ್ದರು.

‘ಆ ಮುಖದಲ್ಲಿ ನೋಡೋಕೆ ಏನು ಮಿಕ್ಕಿದೆ ಅಂತ,’ ಎಂದು ಆಕೆ ಪ್ರಾಂಪ್ಟರ್ ಬಳಿ ಗೊಣಗಿದ್ದಳು.

ಮರುಸಂಜೆ ಅವನು ಇನ್ನೊಂದು ಹೆಜ್ಜೆ ಇಟ್ಟ. ಅದೇ ಮೌನ ಬಂದಾಗ ಕೊನೆಯ ಅಂಕದ ಮಾತೊಂದನ್ನು ತೆಗೆದು ಪಿಸುಗುಟ್ಟಿದ. ತುಸು ಗಟ್ಟಿಯಾಗಿಯೇ. ಮುಂದಿನ ಸಾಲಿನಲ್ಲಿದ್ದವನೊಬ್ಬ ಕತ್ತು ಹೊರಳಿಸಿದ. ಮುದುಕ ಮಾತ್ರ ಅಲುಗಲಿಲ್ಲ. ತನ್ನ ಹೊತ್ತಿಗೆ ತನ್ನ ಮಾತನ್ನೇ ಆಡಿ ಚಪ್ಪಾಳೆ ಬಾಚಿಕೊಂಡ. ಪ್ರಾಂಪ್ಟರನ ಹೊಟ್ಟೆ ಉರಿದುಹೋಯಿತು. ತನ್ನ ಆಟ ಗೊತ್ತಾಗಿಯೂ ಗೊತ್ತಾಗದವನ ಹಾಗೆ ಇದ್ದಾನಲ್ಲ, ಎಂಥ ಗಟ್ಟಿ ಪಿಂಡ!

ನಾಟಕ ಮುಗಿದದ್ದೇ ಅವನು ಬಣ್ಣದ ಕೋಣೆಗೆ ನುಗ್ಗಿದ. ಬಣ್ಣ ಬಿಡಲೆಂದು ಮುಖಕ್ಕೆ ಎಣ್ಣೆ ಹಚ್ಚಿ, ಮೇಲೆ ಒದ್ದೆ ಬಟ್ಟೆ ಹೊದ್ದು, ಮುದುಕ ಕುರ್ಚಿಗೆ ಒರಗಿದ್ದ. ಪ್ರಾಂಪ್ಟರ್ ಅವನ ತಲೆದೆಸೆಗೆ ಹೋಗಿ ನಿಂತ.

‘ಸಾಕು ಅಣ್ಣ, ಇನ್ನು ಬಿಟ್ಟುಕೊಡಿ. ಇಷ್ಟು ದಿನ ಜನ ಕೇಳಿದ್ದು ನಿಮ್ಮ ಮಾತಲ್ಲ, ನಾನು ಎತ್ತಿಕೊಟ್ಟಿದ್ದು. ನಾಳೆ ಮಾಲೀಕರ ಹತ್ತಿರ ನೀವಾಗಿಯೇ ಹೇಳ್ತೀರೋ, ನಾನು ಹೇಳಲೋ?’

ಬಟ್ಟೆಯ ಕೆಳಗೆ ಉಸಿರು ಏರಿ ಇಳಿಯಿತು.

ಸೋತವನ ಮೌನ ಹೀಗೇ ಇರುತ್ತದೆ. ಪ್ರಾಂಪ್ಟರ್ ಗೂಟದಲ್ಲಿ ನೇತಾಡುತ್ತಿದ್ದ ಸೇನಾಪತಿಯ ಮೇಲಂಗಿ ತೆಗೆದು ಹೆಗಲಿಗೇರಿಸಿದ. ಕನ್ನಡಿಯಲ್ಲಿ ನೋಡಿಕೊಂಡ. ಅಳತೆ ತೆಗೆದು ಹೊಲಿದ ಹಾಗಿತ್ತು.

ಅಷ್ಟರಲ್ಲಿ ಹಿರಿಯ ನಟರು ಬಟ್ಟೆ ಸರಿಸಿ ಕಣ್ಣು ಬಿಟ್ಟರು. ಕನ್ನಡಿಯಲ್ಲಿ ಅವನನ್ನು ಕಂಡು ಬೆಚ್ಚಿದರು. ಆಮೇಲೆ ನಕ್ಕರು.

‘ಯಾವಾಗ ಬಂದ್ಯೋ ತಮ್ಮ? ಚೆನ್ನಾಗಿ ಒಪ್ಪುತ್ತೆ ನಿನಗೆ. ಏನಾದ್ರೂ ಹೇಳೋದಿದ್ರೆ ಈ ಕಡೆ ಬಾ, ತುಟಿ ಕಾಣೋ ಹಾಗೆ ಹೇಳು. ನಿನ್ನ ಹತ್ತಿರ ಇನ್ನೇನು ಮುಚ್ಚಿಡೋದು, ನನ್ನ ಕಿವಿ ಹೋಗಿ ಎರಡು ವರ್ಷ ಆಯ್ತು. ನನ್ನ ದನಿ ನನಗೇ ಕೇಳಲ್ಲ, ಅದಕ್ಕೇ ನಡುನಡುವೆ ನಿಂತು, ಎಣಿಸಿಕೊಂಡು ಮುಂದಿನ ಮಾತು ಎತ್ತೋದು. ಮಾಲೀಕರಿಗೆ ಮಾತ್ರ ಬಾಯಿ ಬಿಡಬೇಡ ಕಣಪ್ಪ. ಕಿವುಡನಿಗೆ ಪ್ರಾಂಪ್ಟರ್ ಯಾಕೆ ಅಂತ ಮೊದಲು ನಿನ್ನನ್ನೇ ತೆಗೆದುಬಿಡ್ತಾರೆ.’