ಹಿಮ್ಮಡಿಗೆ ತಿಳಿಯುವ ತಂತಿ

ದೋಸೆ ಮಗುಚುತ್ತಿದ್ದೆ. ಹೆರಿಗೆ ಆಸ್ಪತ್ರೆಯ ನರ್ಸ್ ನಂಜಮಣಿ ಓಡಿ ಬಂದಳು. "ಅಕ್ಕ, ಕರೆಂಟ್ ಹೋಯ್ತು! ಏಳು ತಿಂಗಳಿಗೇ ಹುಟ್ಟಿದ ಕೂಸು ಬೆಚ್ಚನೆ ಪೆಟ್ಟಿಗೇಲಿದೆ. ಬ್ಯಾಟರಿ ಒಂದು ಗಂಟೆ ಬಂದ್ರೆ ಹೆಚ್ಚು."

ಒಲೆ ಆರಿಸಿ ಬರಿಗಾಲಲ್ಲೇ ಹೊರಟೆ. ತಂತಿಗಳು ನೆಲದೊಳಗೆ ಇಳಿದ ಮೇಲೆ ನಮ್ಮೂರಲ್ಲಿ ಗಾಳಿಗೆ ಕರೆಂಟ್ ಹೋಗುವುದಿಲ್ಲ, ಹರಿದು ಬಿದ್ದ ತಂತಿ ತುಳಿದು ಯಾರೂ ಸಾಯುವುದಿಲ್ಲ. ಅಪರೂಪಕ್ಕೆ ತಂತಿಗೆ ಗಾಯವಾದರೆ ಅಲ್ಲಿನ ನೆಲ ಜ್ವರ ಬಂದವರ ನಾಡಿಯಂತೆ ಮಿಡಿಯುತ್ತದೆ. ಅದನ್ನು ಹಿಮ್ಮಡಿಯಿಂದ ಪತ್ತೆಹಚ್ಚುವುದು ನನ್ನ ಕೆಲಸ.

ಆರು ವರ್ಷದ ಮಗಳು ಚೆಲುವಿ ಹಿಂದೆಯೇ ಬಂದಳು. ಗಿರಣಿಯ ಮುಂದೆ ಮಿಡಿತ ಸಿಕ್ಕಿತು. ಗುದ್ದಲಿ ಹಿಡಿದು ಬಂದಿದ್ದವರಿಗೆ "ಇಲ್ಲೇ ಅಗೀರಿ" ಎಂದೆ. ಚೆಲುವಿ ಸೆರಗು ಜಗ್ಗಿದಳು. "ಶ್, ಕಾಲು ಕೇಳುವಾಗ ಬಾಯಿ ಮುಚ್ಚಿರಬೇಕು, ಚಿನ್ನ" ಎಂದೆ. ಅವಳು ತುಟಿ ಬಿಗಿದು ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಳು.

ಅಗೆಯುವ ಮಾದೇಶಣ್ಣನ ಗುದ್ದಲಿಗೆ ಸಿಕ್ಕಿದ್ದು ನೀರಿನ ಪೈಪು. ಇವತ್ತು ನಲ್ಲಿ ಬಿಡುವ ದಿನ ಎಂಬುದನ್ನೇ ಮರೆತಿದ್ದೆ. ನುಗ್ಗುವ ನೀರಿನ ಅದುರನ್ನು ತಂತಿಯ ಮಿಡಿತ ಅಂದುಕೊಂಡಿದ್ದೆ. "ಏನವ್ವ, ನಂಗೆ ಸ್ನಾನ ಮಾಡಿಸ್ತೀಯಾ?" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಅರ್ಧ ಗಂಟೆ ಕಳೆದಿತ್ತು.

ಚೆಲುವಿ ಇನ್ನೂ ಅಲ್ಲೇ ನಿಂತಿದ್ದಳು. ಹೋಗಿ ಅವಳ ಪುಟ್ಟ ಪಾದದ ಪಕ್ಕ ಹಿಮ್ಮಡಿ ಊರಿದೆ. ಜ್ವರ ಅಲ್ಲಿತ್ತು. ಅಗೆದು, ಸುಟ್ಟ ಜೋಡಣೆ ತೆಗೆದು ಹೊಸದು ಹಾಕಿದರು. ಆಸ್ಪತ್ರೆಯ ದೀಪ ಹತ್ತಿತು. ನಂಜಮಣಿ ಕಿಟಕಿಯಿಂದ ಕೈ ಬೀಸಿದಳು.

ಮಗಳನ್ನು ಎತ್ತಿಕೊಂಡು, ಬೀದಿಯವರಿಗೆಲ್ಲ ಕಾಣುವ ಹಾಗೆ ನಿಂತೆ. ಆಗ ಅವಳು ಬಾಯಿ ಬಿಟ್ಟಳು:

"ಅಮ್ಮ, ಇಷ್ಟು ಜೋರಾಗಿ ಮಿಡೀತಿತ್ತಲ್ಲ, ನಿನ್ನ ಕಾಲಿಗೆ ಗೊತ್ತೇ ಆಗ್ಲಿಲ್ವಾ?"